ಪವಿತ್ರ ಗುರುವಾರದ ಬಣ್ಣ

ಝಿವ್ಕಾ ತಲೆಗೆ ಬಣ್ಣ ಹಾಕಿಸಿಕೊಂಡದ್ದು ತಪ್ಪಲ್ಲ, ಹಾಕಿಸಿಕೊಂಡ ದಿನ ತಪ್ಪು ಎಂದು ನಾನು ಇವತ್ತಿಗೂ ವಾದಿಸುತ್ತೇನೆ. ಈಸ್ಟರ್ ಮೊಟ್ಟೆಗೆ ನಾವು ಬಣ್ಣ ಕಟ್ಟುವುದು ಎರಡೇ ದಿನ, ಪವಿತ್ರ ಗುರುವಾರ ಇಲ್ಲವೇ ಶನಿವಾರ. ಗುರುವಾರ ಬಣ್ಣ ಕಟ್ಟಿದ ಮೊದಲ ಕೆಂಪು ಮೊಟ್ಟೆಯನ್ನು ದೇವರ ಪಟದ ಮುಂದಿಟ್ಟರೆ ಅದು ಮುಂದಿನ ಈಸ್ಟರ್‌ವರೆಗೆ ಕೆಡುವುದಿಲ್ಲ, ಬಣ್ಣವನ್ನೂ ಬಿಡುವುದಿಲ್ಲ. ಅಂಥ ದಿನ ತಲೆಗೆ ಬಣ್ಣ ಹಚ್ಚಿಕೊಂಡು, ಊಟದ ಹೊತ್ತಿಗೆ ‘ಅಯ್ಯೋ, ಹೋಗಲಿ’ ಎಂದರೆ ಅದು ಹೋಗುತ್ತದೆಯೇ? ಝಿವ್ಕಾಗೆ ಇದೇನು ಗೊತ್ತಿಲ್ಲದ್ದಲ್ಲ. ಆದರೆ ಅರವತ್ತು ದಾಟಿದ ಹೆಂಗಸಿಗೆ ಒಂದು ಸಲ ಚೆನ್ನಾಗಿ ಕಾಣಬೇಕು ಅನ್ನಿಸಿದರೆ ಅವಳು ದಿನ ವಾರ ನೋಡುತ್ತಾ ಕೂರುವುದಿಲ್ಲ.

ನಾನು ಗೆನಾ, ಅವಳ ಪಕ್ಕದ ಮನೆಯವಳು. ಒಂದನೇ ಕ್ಲಾಸಿನಿಂದ ಇಬ್ಬರದೂ ಒಂದೇ ಬೆಂಚು, ಮದುವೆಯಾದ ಮೇಲೆ ಒಂದೇ ಬೇಲಿ. ಬೇಲಿಯ ಹಲಗೆಯೊಂದು ಕಿತ್ತುಹೋಗಿ ಎಷ್ಟೋ ಕಾಲವಾಯಿತು. ಇಬ್ಬರೂ ಅದನ್ನು ರಿಪೇರಿ ಮಾಡಿಸಲಿಲ್ಲ, ಏಕೆಂದರೆ ನಮ್ಮ ಓಡಾಟವೆಲ್ಲ ಅದರಲ್ಲೇ. ನಾನು ನಮ್ಮ ಅಡುಗೆಮನೆಯಲ್ಲಿ ಸೀನಿದರೆ ಅವಳು ಅಲ್ಲಿಂದಲೇ ‘ಆರೋಗ್ಯವಾಗಿರು’ ಅನ್ನುತ್ತಾಳೆ.

ಅವಳು ಓದಿದ್ದು ಸೆವ್ಲಿಯೆವೊ ಪಟ್ಟಣದ ಹೊಲಿಗೆ ಶಾಲೆಯಲ್ಲಿ, ದುಡಿದದ್ದು ಅಲ್ಲಿನದೇ ಉಡುಪಿನ ಕಾರ್ಖಾನೆಯಲ್ಲಿ. ಕೆಲಸ ಏನೆಂದರೆ ಕೋಟಿಗೆ ತೋಳು ಕೂರಿಸುವುದು. ಇಡೀ ಆಯುಷ್ಯ ತೋಳು ಕೂರಿಸಿದವಳು, ಒಂದು ಕೋಟನ್ನೂ ಪೂರ್ತಿ ಹೊಲಿದವಳಲ್ಲ. ಕಾರ್ಖಾನೆ ಮುಚ್ಚಿದ ಮೇಲೆ ಊರಿನವರ ಪ್ಯಾಂಟು ಕತ್ತರಿಸಿ ಅಂಚು ಹೊಲಿದುಕೊಂಡು ಇದ್ದಳು. ಗಂಡ ಕಾಂಚೊ ಲಾರಿ ಓಡಿಸುತ್ತಿದ್ದ. ಒಂದು ಜನವರಿಯಲ್ಲಿ ಅಂಗಳದ ಹಿಮ ಎತ್ತುತ್ತಿದ್ದವನು ಸಲಿಕೆ ಹಿಡಿದುಕೊಂಡೇ ಕುಸಿದ. ಮಕ್ಕಳಿರಲಿಲ್ಲ. ಆ ಚಳಿಗಾಲ ಮುಗಿಯುವುದರೊಳಗೆ ಅವಳ ತಲೆ ಪೂರ್ತಿ ಬೆಳ್ಳಗಾಯಿತು. ಊರಿನ ಹೆಂಗಸರೆಲ್ಲ ತಲೆಗೆ ಬದನೆಕಾಯಿ ಬಣ್ಣದಿಂದ ಹಿಡಿದು ಗಜ್ಜರಿ ಬಣ್ಣದವರೆಗೆ ಏನೇನೋ ಹಚ್ಚಿಕೊಂಡು ಓಡಾಡುವಾಗ ಇವಳು ಮಾತ್ರ ಬಿಳಿ ಜಡೆ ಹೆಣೆದು ಬೆನ್ನ ಮೇಲೆ ಬಿಟ್ಟುಕೊಂಡಳು. ‘ಕಾಂಚೊ ಹೋದ ಮೇಲೆ ನನ್ನ ತಲೆ ಯಾರಿಗೆ ಬೇಕು’ ಅನ್ನುತ್ತಿದ್ದಳು.

ಆ ಬಿಳಿ ಜಡೆ ಆಮೇಲೆ ಒಬ್ಬರಿಗೆ ಬೇಕಾಯಿತು. ಅವಳ ತಾಯಿ ವೆಲಿಕಾ ಅಜ್ಜಿ ಎಂಬತ್ತೈದು ದಾಟಿದ ಮೇಲೆ ನೆನಪು ಕಳೆದುಕೊಳ್ಳತೊಡಗಿದರು. ಮೊದಲು ನಿನ್ನೆಯದು ಮರೆತರು, ಆಮೇಲೆ ಗಂಡನನ್ನು ಮರೆತರು, ಆಮೇಲೆ ತಮಗೊಬ್ಬಳು ಮಗಳಿದ್ದಾಳೆ ಎಂಬುದನ್ನೇ ಮರೆತರು. ಒಂದು ದಿನ ಬೆಳಿಗ್ಗೆ ಬಿಳಿ ಜಡೆಯ ಝಿವ್ಕಾಳನ್ನು ನೋಡಿ ‘ಅಮ್ಮಾ’ ಅಂದರು. ಎಂದೋ ತೀರಿಹೋದ ತಮ್ಮ ಅಮ್ಮ ಎಂದುಕೊಂಡಿದ್ದರು. ಅಂದಿನಿಂದ ಎರಡು ವರ್ಷ ಹಾಗೇ ನಡೆಯಿತು. ಅಜ್ಜಿ ಎಡಗೈಯಲ್ಲಿ ಆ ಜಡೆಯ ತುದಿ ಹಿಡಿದುಕೊಂಡರೆ ಮಾತ್ರ ಬಾಯಿ ತೆರೆಯುತ್ತಿದ್ದರು. ಸೂಪಾಗಲಿ, ಮಾತ್ರೆಯಾಗಲಿ, ಒಂದು ಗುಟುಕು ನೀರಾಗಲಿ, ಜಡೆ ಕೈಯಲ್ಲಿರಬೇಕು. ಬೇರೆಯವರು ಚಮಚ ಹಿಡಿದರೆ ಉಗಿಯುತ್ತಿದ್ದರು. ನನ್ನ ಮೇಲೂ ಉಗಿದಿದ್ದಾರೆ, ಒಂದಲ್ಲ, ಹಲವು ಸಲ.

ಝಿವ್ಕಾಗೆ ಇದು ಹೊರೆಯಾಗಿರಲಿಲ್ಲ ಎಂದು ನಾನು ಸುಳ್ಳು ಹೇಳುವುದಿಲ್ಲ. ‘ಒಂದು ಸಲ ಹೆಸರು ಹಿಡಿದು ಕರೆದಿದ್ರೆ ಸಾಕಿತ್ತು ಕಣೇ’ ಎಂದು ಬೇಲಿಯ ಸಂದಿನಲ್ಲಿ ನಿಂತು ಅನ್ನುತ್ತಿದ್ದಳು. ‘ನಾನು ಅವಳಿಗೆ ತಾಯಿ ಆಗಿಬಿಟ್ಟೆ. ಮಗಳು ಎಲ್ಲಿ ಹೋದ್ಲು ಅಂತ ಅವಳಿಗೆ ಒಂದು ಸಲಾನೂ ಅನ್ಸಲ್ವಲ್ಲ.’

ಊರಿನಲ್ಲಿ ಕೆಲವರು ಇದಕ್ಕೂ ಒಂದು ಅರ್ಥ ಹಚ್ಚಿದ್ದರು: ಮಾಡಿದ್ದುಣ್ಣೋ ಮಹರಾಯ. ಅದು ಹಳೆಯ ಕಥೆ. ನಾವು ಹದಿಮೂರರ ಹುಡುಗಿಯರಾಗಿದ್ದಾಗ ಈಸ್ಟರ್ ಆಚರಿಸುವುದು ಆಗಿನ ಕಮ್ಯುನಿಸ್ಟ್ ಸರ್ಕಾರಕ್ಕೆ ಆಗುತ್ತಿರಲಿಲ್ಲ. ಎಲ್ಲರ ಮನೆಯಲ್ಲೂ ಕಿಟಕಿ ಪರದೆ ಎಳೆದು ಮೊಟ್ಟೆಗೆ ಬಣ್ಣ ಕಟ್ಟುತ್ತಿದ್ದರು, ಹಬ್ಬದ ಮರುದಿನ ಶಾಲೆಯಲ್ಲಿ ಟೀಚರು ನಮ್ಮ ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಆ ವರ್ಷ ಝಿವ್ಕಾ ಗುರುವಾರ ಉಳಿದ ಮೊಟ್ಟೆಯ ಬಣ್ಣವನ್ನು ತಲೆಗೆ ಸುರಿದುಕೊಂಡಳು. ಕೆಂಪು ಕೂದಲು ಬೇಕಿತ್ತಂತೆ. ಸೋಮವಾರ ತಲೆಗೆ ಬಟ್ಟೆ ಕಟ್ಟಿಕೊಂಡು ಶಾಲೆಗೆ ಬಂದಳು. ಟೀಚರು ಬಟ್ಟೆ ಎಳೆದು, ‘ಇದು ಯಾರು ಮಾಡಿದ್ದು?’ ಎಂದು ಕೇಳಿದರು. ಅವಳು ಎದ್ದು ನಿಂತು, ಇಡೀ ಕ್ಲಾಸಿಗೆ ಕೇಳುವ ಹಾಗೆ, ‘ನಮ್ಮಮ್ಮ ಮಾಡಿದ್ದು. ನಾನು ಬೇಡ ಅಂದೆ’ ಅಂದಳು. ವೆಲಿಕಾ ಅಜ್ಜಿಯನ್ನು ಸಹಕಾರಿ ಡೇರಿಯ ಕೆಲಸದಿಂದ ತೆಗೆದು ಬೀಟ್‌ರೂಟ್ ಹೊಲಕ್ಕೆ ಹಾಕಿದರು. ಮಗಳಿಗೆ ಮಾತ್ರ ಹೊಲಿಗೆ ಶಾಲೆಯಲ್ಲಿ ಸೀಟು ಸಿಕ್ಕಿತು. ಹೆತ್ತ ತಾಯಿಯನ್ನು ಹಿಡಿದುಕೊಟ್ಟವಳು ಎಂದು ಊರು ಆಡಿಕೊಂಡಿತು, ಹುಡುಗರು ‘ಕೆಂಪು ಮೊಟ್ಟೆ’ ಎಂದು ಕರೆದರು. ಝಿವ್ಕಾ ಅಂದೂ ತುಟಿ ಬಿಚ್ಚಲಿಲ್ಲ, ಆಮೇಲೂ ಬಿಚ್ಚಲಿಲ್ಲ. ನಾನಂತೂ, ಪಾಪ, ಹುಡುಗಿ ಹೆದರಿ ಬಾಯಿಗೆ ಬಂದದ್ದು ಅಂದಿರಬೇಕು ಎಂದುಕೊಂಡು ಬಿಟ್ಟುಬಿಟ್ಟಿದ್ದೆ.

ಈಗ ಝಿವ್ಕಾ ಅರವತ್ತು ದಾಟಿ ತಲೆಗೆ ಬಣ್ಣ ಹಾಕಿಸಿಕೊಂಡ ವರ್ಷದ ಮಾತಿಗೆ ಬರುತ್ತೇನೆ. ಈಸ್ಟರ್‌ನ ಮರುದಿನ, ಸೋಮವಾರ, ನಮ್ಮ ಹಳೇ ಕ್ಲಾಸಿನವರೆಲ್ಲ ಸೇರಿ ಊಟ ಮಾಡುವುದು ಎಂದು ಗೊತ್ತಾಗಿತ್ತು. ಝಿವ್ಕಾ ಬರುವುದಿಲ್ಲ ಎಂದಳು, ಆಮೇಲೆ ಬರುತ್ತೇನೆ ಎಂದಳು, ಆಮೇಲೆ ಕನ್ನಡಿಯ ಮುಂದೆ ನಿಂತು ಬರುವುದಿಲ್ಲ ಎಂದಳು.

‘ನಿನ್ ಪಕ್ಕ ಕೂತ್ರೆ ನಾನು ನಿನ್ ಅಜ್ಜಿ ಥರ ಕಾಣ್ತೀನಿ’ ಅಂದಳು.

‘ರಾದೊಯ್ ಬರ್ತಾನೆ ಅಂತ ತಾನೇ ಈ ಚಿಂತೆ?’ ಅಂದೆ. ರಾದೊಯ್ ಹಿಂದಿನ ಬೆಂಚಿನವನು, ಹೆಂಡತಿ ತೀರಿಕೊಂಡು ಮೂರು ವರ್ಷ.

‘ಹೋಗೇ, ನಾಲಿಗೆ ಉದ್ದದವಳೇ’ ಎಂದು ನನ್ನ ಮೇಲೆ ಟವೆಲು ಎಸೆದಳು. ಆದರೆ ಮುಖ ಕೆಂಪಾಯಿತು.

ಗುರುವಾರ ಬೆಳಿಗ್ಗೆ ಕಾಂಚೊನ ಅಕ್ಕನ ಮಗಳು ಸಿಲ್ವಿಯಾ ಪಟ್ಟಣದಿಂದ ಬಂದಳು. ಅವಳು ಕೂದಲು ಕತ್ತರಿಸಿ ಬಣ್ಣ ಹಚ್ಚುವ ಅಂಗಡಿಯಲ್ಲಿ ಕೆಲಸ ಮಾಡುವವಳು. ‘ಅತ್ತೆ, ತಿಳಿ ಕಂದು ಬಣ್ಣ, ಗೊತ್ತೇ ಆಗಲ್ಲ’ ಎಂದು ಡಬ್ಬಿ ತೆರೆದಳು. ನಾನು ಒಲೆಯ ಮೇಲೆ ಮೊಟ್ಟೆ ಕುದಿಸುತ್ತಿದ್ದೆ. ‘ಇವತ್ತು ಬೇಡ ಕಣ್ರೇ, ಇವತ್ತಿನ ಬಣ್ಣ ಹೋಗೋದಿಲ್ಲ’ ಅಂದೆ. ಇಬ್ಬರೂ ನಕ್ಕರು. ಬಿಳಿಗೂದಲು ಬಾಯಾರಿದ ನೆಲದ ಹಾಗೆ ಹೀರಿತೋ ಏನೋ, ತೊಳೆದು ನೋಡಿದರೆ ತಿಳಿ ಕಂದಲ್ಲ, ಕಾಗೆಯ ಕಪ್ಪು. ಝಿವ್ಕಾ ಕನ್ನಡಿಯಲ್ಲಿ ಈ ಕಡೆ ತಿರುಗಿ, ಆ ಕಡೆ ತಿರುಗಿ, ‘ಪರವಾಗಿಲ್ಲ, ಅಲ್ವಾ?’ ಎಂದು ನನ್ನನ್ನು ಕೇಳಿದಳು. ನಿಜ ಹೇಳಬೇಕೆಂದರೆ ಹತ್ತು ವರ್ಷ ಚಿಕ್ಕವಳಾಗಿದ್ದಳು. ಸಿಲ್ವಿಯಾ ಬಸ್ಸು ಹಿಡಿದು ಹೋದಳು.

ಮಧ್ಯಾಹ್ನ ಝಿವ್ಕಾ ಸೂಪಿನ ಬಟ್ಟಲು ಹಿಡಿದು ತಾಯಿಯ ಕೋಣೆಗೆ ಹೋದಳು, ಎಂದಿನಂತೆ ಜಡೆಯನ್ನು ಮುಂದಕ್ಕೆ ಹಾಕಿ ಅಜ್ಜಿಯ ಕೈಗಿಟ್ಟಳು. ಅಜ್ಜಿ ಜಡೆ ನೋಡಿದರು, ಕೆಂಡ ಮುಟ್ಟಿದವರ ಹಾಗೆ ಕೈಬಿಟ್ಟರು.

‘ಎಮ್ಮೆ ಇಲ್ಲ. ಮಾರಿಬಿಟ್ವಿ’ ಅಂದರು.

‘ಅಮ್ಮಾ, ನಾನು.’

‘ಕರೂನೂ ಇಲ್ಲ. ಹೋಗು. ಹೋಗು ಅಂದ್ನಲ್ಲ.’

ಅಜ್ಜಿಯ ಹರೆಯದಲ್ಲಿ ಮನೆಮನೆಯ ದನಕರು ಎಮ್ಮೆಗಳನ್ನೆಲ್ಲ ಸಹಕಾರಿ ಸಂಘಕ್ಕೆ ಹೊಡೆದುಕೊಂಡು ಹೋಗಲು ಒಬ್ಬಳು ಕಪ್ಪು ಕೂದಲಿನ ಮೇಲ್ವಿಚಾರಕಿ ಬರುತ್ತಿದ್ದಳಂತೆ. ಅಜ್ಜಿಯ ಕಣ್ಣಿಗೆ ಝಿವ್ಕಾ ಈಗ ಆ ಮೇಲ್ವಿಚಾರಕಿಯಾಗಿಬಿಟ್ಟಿದ್ದಳು. ಅಜ್ಜಿ ಬ್ರೆಡ್ಡಿನ ತುಂಡನ್ನು ದಿಂಬಿನಡಿ ಬಚ್ಚಿಟ್ಟು, ತುಟಿ ಬಿಗಿದು, ಗೋಡೆಗೆ ಮುಖ ಮಾಡಿ ಮಲಗಿದರು. ‘ಅಮ್ಮ ಬರ್ಲಿ, ಅಮ್ಮಂಗೆ ಹೇಳ್ತೀನಿ’ ಎಂದು ಗೋಡೆಗೆ ಹೇಳುತ್ತಿದ್ದರು.

ಝಿವ್ಕಾ ಬಿಳಿ ಬಟ್ಟೆ ಕಟ್ಟಿ ಕೂದಲು ಮುಚ್ಚಿ ಹೋದಳು. ಅಜ್ಜಿ ಜಡೆಗಾಗಿ ತಡಕಾಡಿದರು, ಸಿಗಲಿಲ್ಲ, ಮತ್ತೆ ಗೋಡೆಗೆ ತಿರುಗಿದರು. ನಾನು ಬಿಳಿ ಉಣ್ಣೆಯ ದಾರದಲ್ಲಿ ಒಂದು ಜಡೆ ಹೆಣೆದು ಬಟ್ಟೆಗೆ ಹೊಲಿದು ಕೊಟ್ಟೆ. ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡಿದ್ದೆ. ಅಜ್ಜಿ ಅದನ್ನು ಹಿಡಿದರು, ಮೂಗಿಗೆ ತಂದರು, ‘ಇದು ಕುರಿ’ ಎಂದು ಬಿಸಾಕಿದರು. ಬೇರೆ ದಿನವಾಗಿದ್ದರೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ಅಂದು ನಗು ಬರಲಿಲ್ಲ. ಅಜ್ಜಿ ಬೆಳಗಿನ ಚಹಾ ಬಿಟ್ಟರೆ ಏನನ್ನೂ ಕುಡಿದಿರಲಿಲ್ಲ, ಹೃದಯದ ಮಾತ್ರೆಯೂ ಒಳಗೆ ಹೋಗಿರಲಿಲ್ಲ. ಒಣಗಿದ ಕಡ್ಡಿಯಂಥ ಜೀವ, ಎಷ್ಟು ಹೊತ್ತು ತಡೆದೀತು? ಊರಿನ ಆರೋಗ್ಯ ಸಹಾಯಕ ಬಂದು ಚರ್ಮ ಎಳೆದು ನೋಡಿ, ನಾಲಿಗೆ ನೋಡಿ, ‘ನಾಳೆ ಸಂಜೆವರೆಗೂ ನೋಡೋಣ. ಆಗ್ಲೂ ನೀರು ಇಳೀಲಿಲ್ಲ ಅಂದ್ರೆ ಆಸ್ಪತ್ರೆಗೆ ಸೇರಿಸ್ಲೇಬೇಕು, ಡ್ರಿಪ್ ಹಾಕ್ಬೇಕು’ ಎಂದು ಹೇಳಿಹೋದ.

ಆಸ್ಪತ್ರೆ ಎಂದರೆ ಝಿವ್ಕಾಗೆ ಭಯ. ಹಿಂದಿನ ಶರತ್ಕಾಲ ಜ್ವರ ಬಂದು ಒಂದು ವಾರ ಅಜ್ಜಿ ಅಲ್ಲಿದ್ದರು. ಸೂಜಿ ಚುಚ್ಚಿದಾಗಲೆಲ್ಲ ಕಿತ್ತು ಹಾಕಿ, ಕೈಯೆಲ್ಲ ನೀಲಿಗಟ್ಟಿ, ಹಗಲೂ ಇರುಳೂ ಅಮ್ಮನನ್ನು ಕೂಗಿದ್ದರು. ಆಗ ಬಿಳಿ ಜಡೆ ಹಿಡಿದುಕೊಂಡು ಬದುಕಿ ಬಂದವರು. ‘ಈ ತಲೆ ಇಟ್ಕೊಂಡು ನಾನು ಅಲ್ಲಿ ಪಕ್ಕದಲ್ಲಿ ಕೂತ್ರೂ ಒಂದೇ, ಬಿಟ್ರೂ ಒಂದೇ’ ಅಂದಳು. ‘ಅಲ್ಲಿ ಅವಳು ಒಬ್ಬಳೇ ಸಾಯ್ತಾಳೆ ಗೆನಾ. ನಾನು ಎದುರಿಗೇ ಇರ್ತೀನಿ, ಅವಳು ಒಬ್ಬಳೇ ಸಾಯ್ತಾಳೆ.’

ಸಿಲ್ವಿಯಾಗೆ ಫೋನು ಮಾಡಿದಳು. ಸಿಲ್ವಿಯಾ ಅತ್ತುಬಿಟ್ಟಳು, ಆಮೇಲೆ, ‘ಅಂಗಡಿಯಲ್ಲಿ ಬಣ್ಣ ತೆಗೆಯೋ ಮದ್ದು ಹಾಕಿದ್ರೆ ನಿಮ್ ಕೂದ್ಲು ಕೈಗೇ ಬರುತ್ತೆ ಅತ್ತೆ, ಅಷ್ಟು ತೆಳು. ಮನೇಲೇ ಎಣ್ಣೆ, ವಿನೆಗರ್, ಸೋಡಾ, ಮೊಸರು, ಇವೆಲ್ಲ ಹಚ್ಚಿ ನೋಡಿ. ಇಳಿಯುತ್ತೆ. ಆದ್ರೆ ಬಿಳಿ ವಾಪಸ್ ಬರುತ್ತೆ ಅಂತ ನಾನು ಹೇಳಲ್ಲ’ ಅಂದಳು. ಝಿವ್ಕಾಗೆ ಕೊನೆಯ ಮಾತು ಕೇಳಿಸಿತೋ ಇಲ್ಲವೋ. ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ.

ಸೂರ್ಯಕಾಂತಿ ಎಣ್ಣೆ ಬಿಸಿ ಮಾಡಿ ಬುಡದಿಂದ ತುದಿಯವರೆಗೆ ತಿಕ್ಕಿದೆವು. ಬಿಸಿ ಟವೆಲು ಸುತ್ತಿ ಕೂತಳು, ಬಟ್ಟೆ ಒಗೆಯುವ ಸಾಬೂನಿನಲ್ಲಿ ತೊಳೆದಳು. ಟವೆಲಿಗೆ ಕಂದು ನೀರು ಹತ್ತಿದ್ದು ನೋಡಿ ಇಬ್ಬರಿಗೂ ಜೀವ ಬಂತು. ಕೂದಲು ನೋಡಿದರೆ ಕಪ್ಪು ಕಪ್ಪಾಗಿಯೇ ಇತ್ತು, ಮೊದಲಿಗಿಂತ ಹೊಳೆಯುತ್ತಿತ್ತು ಅಷ್ಟೇ. ಆಮೇಲೆ ದ್ರಾಕ್ಷಿ ವಿನೆಗರ್. ಮನೆಯೆಲ್ಲ ಎಲೆಕೋಸಿನ ಉಪ್ಪಿನಕಾಯಿಯ ಪೀಪಾಯಿಯ ವಾಸನೆ. ಆಮೇಲೆ ಸೋಡಾಪುಡಿಗೆ ನಿಂಬೆರಸ ಹಿಂಡಿ ಹಚ್ಚಿದೆವು. ಅದು ನೊರೆಯೆದ್ದು ಕಣ್ಣಿಗಿಳಿಯಿತು, ತಲೆಯ ಚರ್ಮ ಉರಿದು ಅವಳು ಹಲ್ಲು ಕಚ್ಚಿದಳು. ಪ್ರತಿ ಸಲ ತೊಳೆದ ಮೇಲೂ ಒದ್ದೆ ಜಡೆ ಹೆಣೆದುಕೊಂಡು, ಬಟ್ಟಲು ಹಿಡಿದು ಆ ಕೋಣೆಯ ಬಾಗಿಲಿಗೆ ಹೋಗುತ್ತಿದ್ದಳು. ಪ್ರತಿ ಸಲವೂ ಎಮ್ಮೆ ಇಲ್ಲ ಎಂಬ ಉತ್ತರ ಕೇಳಿ ಬರುತ್ತಿದ್ದಳು. ಒದ್ದೆ ಬಟ್ಟೆಯಿಂದ ಅಜ್ಜಿಯ ತುಟಿ ಒರೆಸಿದರೆ ಅವರು ತೋಳಿನಿಂದ ಅದನ್ನೂ ಒರೆಸಿ ಹಾಕುತ್ತಿದ್ದರು.

ಮರುದಿನ ಶುಭ ಶುಕ್ರವಾರ. ಆ ದಿನ ನಮ್ಮಲ್ಲಿ ಸೂಜಿ ಹಿಡಿಯುವುದಿಲ್ಲ, ಬಟ್ಟೆ ಒಗೆಯುವುದಿಲ್ಲ, ತಲೆಗೆ ನೀರು ಹಾಕುವುದಂತೂ ಇಲ್ಲವೇ ಇಲ್ಲ. ನಾನು ಬೇಲಿ ದಾಟಿ ಹೋದಾಗ ಅವಳಾಗಲೇ ಬೋಗುಣಿಯ ಮೇಲೆ ಬಗ್ಗಿದ್ದಳು.

‘ಇವತ್ತು ಬೇಡ ಕಣೇ. ಇವತ್ತು ತಲೆ ತೊಳೆದೋರಿಗೆ ಒಳ್ಳೇದಾಗಲ್ಲ’ ಅಂದೆ.

‘ನಂಗೆ ಒಳ್ಳೇದಾಗೋದು ಬೇಡ. ಅವಳು ಒಂದು ಗುಟುಕು ಕುಡೀಲಿ. ನಿಮ್ಮನೆ ಮೊಸರು ಹುಳಿ ಬಂದಿದ್ಯಾ?’

ನಾನು ಏನು ಮಾಡಲಿ? ಪಾಪವೋ ಪುಣ್ಯವೋ, ಮಣ್ಣಿನ ಮಡಕೆಯಲ್ಲಿದ್ದ ಮೊಸರು ಅಷ್ಟನ್ನೂ ತಂದುಕೊಟ್ಟೆ. ಅವಳು ಅದನ್ನು ತಲೆಗೆ ಮೆತ್ತಿಕೊಂಡು ಕೂತಳು. ಇಬ್ಬರೂ ಕೆಟ್ಟರೆ ಅಜ್ಜಿಯ ಪರವಾಗಿ ದೇವರ ಹತ್ತಿರ ಕೇಳುವವರು ಯಾರು ಎಂದು ನಾನು ಚರ್ಚಿಗೆ ಹೋದೆ. ಶುಕ್ರವಾರ ಅಲ್ಲಿ ಯೇಸುವಿನ ಶವವಸ್ತ್ರವನ್ನು ಎತ್ತರದ ಮೇಜಿನ ಮೇಲೆ ಹಾಸಿರುತ್ತಾರೆ, ಮೇಜಿನಡಿ ತೂರಿಬಂದರೆ ವರ್ಷಪೂರ್ತಿ ಆರೋಗ್ಯ. ನನ್ನ ಮಂಡಿಗಳ ಕಥೆ ಊರಿಗೇ ಗೊತ್ತು. ಆದರೂ ಒಂದು ಸಲ ನನಗಾಗಿ ತೂರಿದೆ, ಇನ್ನೊಂದು ಸಲ ಅಜ್ಜಿಗಾಗಿ. ಎರಡನೇ ಸಲ ಹಿಂದಿನವರು ನನ್ನನ್ನು ತಳ್ಳಿಯೇ ಹೊರಗೆ ತರಬೇಕಾಯಿತು. ಪಾದ್ರಿ ಕೊಟ್ಟ ಹೂವನ್ನು ಅಜ್ಜಿಯ ದಿಂಬಿನಡಿ ಇಡಲು ಕೈಯಲ್ಲಿ ಮುಚ್ಚಿಕೊಂಡು ಬಂದೆ.

ಬಂದು ನೋಡಿದರೆ ಝಿವ್ಕಾ ಒಲೆಯ ಮುಂದೆ ಕೂತು ಅಳುತ್ತಿದ್ದಳು. ಕಪ್ಪು ಹೋಗಿತ್ತು, ನಿಜ. ಆದರೆ ಬಿಳಿ ಬಂದಿರಲಿಲ್ಲ. ಎಣ್ಣೆ, ವಿನೆಗರ್, ಸೋಡಾ, ಮೊಸರು ಎಲ್ಲ ಸೇರಿ ಆ ಕೂದಲನ್ನು ಕೆಂಪಗೆ ಮಾಡಿದ್ದವು. ಒಂದು ಕಡೆ ತುಕ್ಕಿನ ಬಣ್ಣ, ಇನ್ನೊಂದು ಕಡೆ ಈರುಳ್ಳಿ ಸಿಪ್ಪೆಯಲ್ಲಿ ಬೇಯಿಸಿದ ಮೊಟ್ಟೆಯ ಬಣ್ಣ.

‘ಮುಗೀತು’ ಅಂದಳು. ‘ಆಸ್ಪತ್ರೆ ಗಾಡಿಗೆ ಫೋನ್ ಮಾಡಿದ್ದೀನಿ, ಸಂಜೆ ಬರುತ್ತೆ. ಅವಳ ಬಟ್ಟೆ ಕಟ್ಬೇಕು.’

ಅವಳು ಕಣ್ಣೊರೆಸಿಕೊಂಡು, ಕೂದಲು ಹೆಣೆಯುವ ಗೋಜಿಗೂ ಹೋಗದೆ, ಒದ್ದೆ ತಲೆ ಭುಜದ ಮೇಲೆ ಹರಡಿಕೊಂಡು ತಾಯಿಯ ಕೋಣೆಗೆ ಹೋದಳು. ಬಟ್ಟಲನ್ನೂ ಒಯ್ಯಲಿಲ್ಲ. ನಾನು ಹೂವು ಹಿಡಿದು ಹಿಂದೆ ಹೋದೆ. ಅವಳು ಬೀರು ತೆರೆದು ಅಜ್ಜಿಯ ಉಣ್ಣೆ ಅಂಗಿ ತೆಗೆಯುತ್ತಿದ್ದಳು. ಕಿಟಕಿಯ ಬೆಳಕು ಅವಳ ತಲೆಯ ಮೇಲೆ ಬಿದ್ದಿತ್ತು.

‘ಝಿವ್ಕಾ’ ಎಂದು ಯಾರೋ ಕರೆದರು.

ನಾನು ಕರೆದಿರಲಿಲ್ಲ. ಝಿವ್ಕಾಳ ಕೈಯಲ್ಲಿದ್ದ ಅಂಗಿ ಕೆಳಗೆ ಬಿತ್ತು.

ಅಜ್ಜಿ ಮೊಣಕೈ ಊರಿ ಎದ್ದು ಕೂತಿದ್ದರು. ಎರಡು ವರ್ಷದಿಂದ ನಾನು ಆ ಮುಖದಲ್ಲಿ ಕಾಣದಿದ್ದ ಸಿಟ್ಟು ಕಾಣುತ್ತಿತ್ತು.

‘ಏನ್ ಮಾಡ್ಕೊಂಡೆ ತಲೆಗೆ? ಬಾಗ್ಲು ಹಾಕು ಮೊದ್ಲು. ಯಾರಾದ್ರೂ ನೋಡಿದ್ರಾ?’

‘ಇಲ್ಲಮ್ಮ’ ಅಂದಳು ಝಿವ್ಕಾ.

‘ಅದ್ಯಾರು, ಗೆನಾನಾ? ಅವಳ ಬಾಯಲ್ಲಿ ಮಾತು ನಿಲ್ಲಲ್ಲ. ಬಾಗ್ಲ ಹತ್ರ ನಿಲ್ಲಿಸು, ಕಾವಲು ಕಾಯ್ಲಿ. ಬೂದಿ ನೀರು ತಾ.’

ಅರವತ್ತು ದಾಟಿದ ನಾನು ಹದಿಮೂರರ ಹುಡುಗಿಯ ಹಾಗೆ ಹೋಗಿ ಒಲೆಯ ಬೂದಿಯನ್ನು ಒಂದು ಚಿಟಿಕೆ ಬಿಸಿನೀರಿಗೆ ಕದಡಿ ಬೋಗುಣಿ ತಂದೆ. ಹಿಂದೆಲ್ಲ ನಮ್ಮ ತಾಯಂದಿರು ಅದರಲ್ಲೇ ತಲೆ ತೊಳೆಯುತ್ತಿದ್ದದ್ದು. ಆಮೇಲೆ ಹೇಳಿದಂತೆ ಬಾಗಿಲ ಹತ್ತಿರ ನಿಂತೆ.

ಅಜ್ಜಿ ಮಗಳ ತಲೆಯನ್ನು ತಮ್ಮ ಮಡಿಲ ಮೇಲಿದ್ದ ಬೋಗುಣಿಗೆ ಬಗ್ಗಿಸಿ ತೊಳೆಯತೊಡಗಿದರು. ಲೋಟ ಎತ್ತಲು ಆಗದ ಕೈಗಳು ಕೂದಲನ್ನು ಎಳೆಎಳೆಯಾಗಿ ಹಿಡಿದು ಉಜ್ಜುತ್ತಿದ್ದವು. ನೀರು ಹಾಸಿಗೆಗೆಲ್ಲ ಚೆಲ್ಲಿತು.

‘ಶುಕ್ರವಾರ ಆಗಿದ್ರೂ ತೊಳೀತಿದ್ದೀನಿ, ಆ ಪಾಪ ನನಗಿರ್ಲಿ’ ಅಂದರು. ಸ್ವಲ್ಪ ಹೊತ್ತು ಉಜ್ಜಿ ನಿಲ್ಲಿಸಿದರು. ‘ಹೋಗಲ್ಲ ಇದು. ಗುರುವಾರದ ಬಣ್ಣ, ಹೋಗಲ್ಲ. ಅಳ್ಬೇಡ. ಇಲ್ಲಿ ಕೇಳು. ಸೋಮವಾರ ಟೀಚರು ಕೇಳ್ತಾರೆ, ಯಾರು ಮಾಡಿದ್ದು ಅಂತ. ನಮ್ಮಮ್ಮ ಮಾಡಿದ್ದು ಅನ್ನು.’

‘ಅನ್ನಲ್ಲ’ ಅಂದಳು ಝಿವ್ಕಾ ಬೋಗುಣಿಯೊಳಗಿಂದ.

‘ಅನ್ಬೇಕು. ನಾನು ಬೇಡ ಅಂದೆ, ಅಮ್ಮ ಹಿಡ್ಕೊಂಡು ಮಾಡಿದ್ಲು ಅನ್ನು. ಗಟ್ಟಿಯಾಗಿ ಅನ್ನು, ಎಲ್ರಿಗೂ ಕೇಳ್ಬೇಕು. ನೀನೇ ಮಾಡ್ಕೊಂಡೆ ಅಂದ್ರೆ ನಿನ್ ಹೊಲಿಗೆ ಶಾಲೆ ಹೋಯ್ತು, ಇಲ್ಲೇ ಸಗಣಿ ಬಾಚ್ಕೊಂಡು ಬಿದ್ದಿರ್ತೀಯ. ನನ್ನ ಏನ್ ಮಾಡ್ತಾರೆ? ಹೊಲಕ್ಕೆ ಹಾಕ್ತಾರೆ. ಮಣ್ಣೇನು ನಂಗೆ ಹೊಸದಾ? ಆಣೆ ಮಾಡು.’

ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ನಲವತ್ತೆಂಟು ವರ್ಷ ಊರು ಉಗುಳಿದ್ದನ್ನು ಈ ಹೆಂಗಸು ಒರೆಸಿಕೊಂಡು ಬದುಕಿದ್ದಳು, ತಾಯಿಗೆ ಮಾಡಿದ ಆಣೆಗಾಗಿ. ನನಗೂ ಒಂದು ಮಾತು ಹೇಳಿರಲಿಲ್ಲ. ನನಗೆ ಹೇಳಿದ್ದರೆ ಊರಿಗೆ ಹೇಳಿದ ಹಾಗೆ ಎಂದು ಅವಳಿಗೂ ಗೊತ್ತಿತ್ತು, ಅವಳ ತಾಯಿಗೂ ಗೊತ್ತಿತ್ತು.

ಝಿವ್ಕಾ ತಲೆ ಎತ್ತಿದಳು. ಮುಖದ ಮೇಲೆಲ್ಲ ಬೂದಿ ನೀರು ಇಳಿಯುತ್ತಿತ್ತು. ಅಷ್ಟು ಅಳುವಿನಲ್ಲೂ ಅವಳಿಗೆ ಬುದ್ಧಿ ಹೊಳೆಯಿತು ನೋಡಿ.

‘ನೀನು ಊಟ ಮಾಡಿದ್ರೆ ಆಣೆ ಮಾಡ್ತೀನಿ’ ಅಂದಳು. ‘ನೀರೂ ಕುಡೀಬೇಕು.’

‘ನಂಗೆ ಹಸಿವಿಲ್ಲ.’

‘ಹಾಗಾದ್ರೆ ಟೀಚರಿಗೆ ನಾನೇ ಮಾಡ್ಕೊಂಡಿದ್ದು ಅಂತೀನಿ.’

ಅಜ್ಜಿ ಅವಳನ್ನು ದುರುಗುಟ್ಟಿ ನೋಡಿದರು. ‘ಮೊಂಡಿ’ ಅಂದರು. ‘ನಿಮ್ಮಪ್ಪನ ಥರ ಮೊಂಡಿ. ತಾ.’

ನಾನು ಕಾವಲು ಬಿಟ್ಟು ಓಡಿದೆ. ಬೇಳೆಯ ಸೂಪು ಬಿಸಿಯಾಗಿತ್ತು. ಅಜ್ಜಿ ಯಾವ ಜಡೆಯನ್ನೂ ಹಿಡಿಯಲಿಲ್ಲ, ಚಮಚವನ್ನೇ ಕೈಯಿಂದ ಕಿತ್ತುಕೊಂಡರು. ಮೊದಲ ಚಮಚವನ್ನು ಊದಿ ಮಗಳ ಬಾಯಿಗೆ ಹಿಡಿದರು. ‘ಬೆಳಗಿಂದ ಅತ್ತಿದ್ದೀಯ, ತಿನ್ನು’ ಅಂದರು. ಎರಡನೆಯದನ್ನು ತಾವು ಕುಡಿದರು. ಅರ್ಧ ಗಲ್ಲಕ್ಕೆ, ಅರ್ಧ ಹೊಟ್ಟೆಗೆ. ಹಾಗೇ ಒಬ್ಬರಾದ ಮೇಲೊಬ್ಬರು ಇಡೀ ಬಟ್ಟಲು ಮುಗಿಸಿದರು. ನೀರು ಕುಡಿದರು, ಮಾತ್ರೆ ನುಂಗಿದರು. ಝಿವ್ಕಾ ಎದೆಯ ಮೇಲೆ ಕೈಯಿಟ್ಟು ಆಣೆ ಮಾಡಿದಳು. ಅಜ್ಜಿ ಒದ್ದೆ ಹಾಸಿಗೆಯಲ್ಲೇ ಒರಗಿ ನಿದ್ದೆ ಹೋದರು. ನಾವಿಬ್ಬರೂ ಹಾಸಿಗೆ ಬದಲಿಸಲು ಧೈರ್ಯವಿಲ್ಲದೆ ಅಲ್ಲೇ ನೆಲದ ಮೇಲೆ ಕೂತಿದ್ದೆವು. ಸಂಜೆ ಗಾಡಿ ಬಂತು, ಆರೋಗ್ಯ ಸಹಾಯಕ ಖಾಲಿ ಲೋಟ ನೋಡಿದ, ಗಾಡಿಯನ್ನು ವಾಪಸು ಕಳಿಸಿದ.

ಶನಿವಾರ ಬೆಳಿಗ್ಗೆ ಆ ಹೆಸರು ಅಜ್ಜಿಯ ನಾಲಿಗೆಗೆ ಮತ್ತೆ ಬರಲಿಲ್ಲ. ಝಿವ್ಕಾ ಬಾಗಿಲಲ್ಲಿ ನಿಂತು ಕಾದಳು, ನಾನು ಅವಳ ಹಿಂದೆ ನಿಂತು ಕಾದೆ. ಅಜ್ಜಿ ಅವಳನ್ನು ಅಮ್ಮ ಎನ್ನಲಿಲ್ಲ, ಮೇಲ್ವಿಚಾರಕಿ ಎಂದೂ ಅನ್ನಲಿಲ್ಲ. ‘ಒಳಗೆ ಬಾ ಹುಡುಗಿ, ಅಲ್ಲಿ ನಿಂತ್ರೆ ಯಾರಾದ್ರೂ ನೋಡ್ತಾರೆ’ ಎಂದು ಪಿಸುಗುಟ್ಟಿ ಪಕ್ಕದಲ್ಲಿ ಜಾಗ ಮಾಡಿದರು. ಚಹಾ ಕುಡಿದರು. ಆ ಕೆಂಪು ತಲೆಯ ಹುಡುಗಿ ಯಾರೆಂದು ಅವರಿಗೆ ಗೊತ್ತಿರಲಿಲ್ಲ, ಆದರೆ ಅವಳನ್ನು ಬಚ್ಚಿಡಬೇಕು ಎಂಬುದು ಗೊತ್ತಿತ್ತು. ಅವಳ ಕೈಯಿಂದ ಅಷ್ಟಿಷ್ಟು ತಿನ್ನುತ್ತಾ ಮುಂದಿನ ಚಳಿಗಾಲದವರೆಗೆ ಇದ್ದರು.

ಸೋಮವಾರ ಸಿಲ್ವಿಯಾ ಬಂದು ಅಜ್ಜಿಯ ಬಳಿ ಕೂತಳು, ನಾವಿಬ್ಬರೂ ಊಟಕ್ಕೆ ಹೋದೆವು. ತಲೆಗೆ ಬಟ್ಟೆ ಕಟ್ಟಿಕೊ ಎಂದು ನಾನು ಹೇಳಿದೆ, ಅವಳು ಕೇಳಲಿಲ್ಲ. ಪಟ್ಟೆಪಟ್ಟೆ ಕೆಂಪು ಜಡೆ ಹೆಣೆದು ಬೆನ್ನ ಮೇಲೆ ಬಿಟ್ಟುಕೊಂಡೇ ಬಂದಳು. ಹುರಿದ ಕುರಿಮಾಂಸ ಬಂತು, ದ್ರಾಕ್ಷಾರಸ ಬಂತು, ಎಲ್ಲರೂ ಕೆಂಪು ಮೊಟ್ಟೆ ಹಿಡಿದು ಒಬ್ಬರದಕ್ಕೊಬ್ಬರು ಕುಟ್ಟಿ ಯಾರದು ಒಡೆಯಿತು ಎಂದು ನೋಡುತ್ತಿದ್ದರು. ರಾದೊಯ್ ತನ್ನ ಮೊಟ್ಟೆ ಹಿಡಿದು ಅವಳ ಎದುರಿಗೆ ಬಂದವನು ತಲೆ ನೋಡಿ ನಿಂತ.

‘ಇದ್ಯಾರೇ ಮಾಡಿದ್ದು ನಿನ್ ತಲೆಗೆ, ಝಿವ್ಕಾ?’ ಅಂದ. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ.

ಮೇಜಿನ ಸುತ್ತ ಕೂತಿದ್ದವರೆಲ್ಲ ಈ ಕಡೆ ತಿರುಗಿದರು. ಆ ಕ್ಲಾಸಿನಲ್ಲಿ ಕೂತಿದ್ದವರೇ ಅಲ್ಲವೇ ಎಲ್ಲರೂ. ಝಿವ್ಕಾ ಎದ್ದು ನಿಂತಳು.

‘ನಮ್ಮಮ್ಮ ಮಾಡಿದ್ದು’ ಅಂದಳು, ಎಲ್ಲರಿಗೂ ಕೇಳುವ ಹಾಗೆ. ‘ನಾನು ಬೇಡ ಅಂದೆ.’

ಮೂಲೆಯಲ್ಲಿ ಯಾರೋ ನಕ್ಕರು. ‘ಇನ್ನೂ ಅಮ್ಮನ ಮೇಲೇ ಹಾಕ್ತೀಯಲ್ಲೇ’ ಎಂದು ಇನ್ನೊಬ್ಬರು ಅಂದರು. ನಾನು ಬಾಯಿ ತೆರೆದೆ. ಅವಳು ಕೂತು, ಮೇಜಿನಡಿ ನನ್ನ ಮಂಡಿ ಒತ್ತಿ ಹಿಡಿದಳು, ಅದೂ ನೋಯುವ ಮಂಡಿಯನ್ನು.

‘ಹೂಂ, ಅವಳೇ ಹಾಗೆ ಹೇಳು ಅಂದಿದ್ದಾಳೆ’ ಎಂದು ಹೇಳಿ ರಾದೊಯ್‌ನ ಮೊಟ್ಟೆಗೆ ತನ್ನ ಮೊಟ್ಟೆ ಕುಟ್ಟಿದಳು.